ಯಾರಿಗಾಗಿ ಬರೆದ ಗ್ರಂಥ?



ಪ್ರತಿ ವರ್ಷ ಅಕ್ಟೋಬರ್ ತಿಂಗಳಲ್ಲಿ ಧರ್ಮಸಭೆಯು ವಿಶ್ವ ಧರ್ಮಪ್ರಚಾರದ ಭಾನುವಾರವನ್ನು ಆಚರಿಸುತ್ತದೆ. ಅಂದು ನಾವು ದೂರದ ನಾಡುಗಳಲ್ಲಿ ದುಡಿಯುವ ಮಿಷನರಿಗಳಿಗಾಗಿ ಪ್ರಾರ್ಥಿಸುತ್ತೇವೆ, ಕಾಣಿಕೆ ಅರ್ಪಿಸುತ್ತೇವೆ, ಅಲ್ಲಿಂದ ಬಂದ ವರದಿಗಳನ್ನೂ ಚಿತ್ರಗಳನ್ನೂ ಕಂಡು ಮರುಗುತ್ತೇವೆ. ಆದರೆ ಆ ವರದಿಗಳನ್ನು ವಿಮರ್ಶೆಯ ಕಣ್ಣಿನಿಂದ ಓದುವ ರೂಢಿ ನಮ್ಮಲ್ಲಿ ಕಡಿಮೆ. ಸೇವೆಯ ಬರಹ ಎಂದೊಡನೆ ಅದು ವಿಮರ್ಶೆಗೆ ಮೀರಿದ್ದು ಎಂದು ಭಾವಿಸುತ್ತೇವೆ. ಅದು ಸರಿಯಲ್ಲ. ಇಂತಹ ಪ್ರತಿಯೊಂದು ಬರಹಕ್ಕೂ ನಾವು ಒಂದು ಪ್ರಶ್ನೆಯನ್ನು ಕೇಳಬೇಕು: ಇದನ್ನು ಯಾರ ಬಗ್ಗೆ ಬರೆದಿದ್ದಾರೆ ಎಂಬುದು ಸರಿ, ಯಾರಿಗಾಗಿ ಬರೆದಿದ್ದಾರೆ?

ಒಂದು ಕಾಲದಲ್ಲಿ ನಮ್ಮ ನಾಡೇ ಆ 'ದೂರದ ನಾಡು' ಆಗಿತ್ತು. ಆಗ ಇಲ್ಲಿಗೆ ಬಂದ ಇಬ್ಬರು ಮಿಷನರಿಗಳ ಎರಡು ಗ್ರಂಥಗಳ ಮುಂದೆ ಈ ಪ್ರಶ್ನೆಯನ್ನು ಇಟ್ಟು ನೋಡೋಣ.

ಮೊದಲನೆಯವರು ನಮ್ಮವರೇ ಆದ ಅಬ್ಬೆ ದುಬ್ವಾ. ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಈ ಫ್ರೆಂಚ್ ಗುರುಗಳು 1792ರಲ್ಲಿ ಭಾರತಕ್ಕೆ ಹೊರಟರು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಿದರು. ಹಾಸನದ ಬಳಿಯ ಸಾಥಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದರು. ಸಿಡುಬಿನ ಲಸಿಕೆ ಜನರಿಗೆ ಹೊಸದಾಗಿದ್ದು, ಅನುಮಾನ ಹುಟ್ಟಿಸುತ್ತಿದ್ದ ದಿನಗಳಲ್ಲಿ ಅದನ್ನು ಮೈಸೂರು ಸೀಮೆಯಲ್ಲಿ ಪ್ರಚಾರ ಮಾಡಿದರು. ಈ ನೆಲದ ಉಡುಗೆಯನ್ನು ತೊಟ್ಟು, ಈ ನೆಲದ ಊಟವನ್ನು ಉಂಡು ಬಾಳಿದ ಅವರನ್ನು ಜನರು 'ದೊಡ್ಡಸ್ವಾಮಿಯವರು' ಎಂದು ಕರೆದರು.

ಆದರೆ ಅವರಿಗೆ ಲೋಕಖ್ಯಾತಿ ತಂದುಕೊಟ್ಟದ್ದು ಈ ಸೇವೆಯಲ್ಲ, ಹಿಂದೂಗಳ ಆಚಾರ, ಸಂಪ್ರದಾಯ ಮತ್ತು ವಿಧಿಗಳನ್ನು ಕುರಿತ ಅವರ ಗ್ರಂಥ. 1807ರಲ್ಲಿ ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹಗಳಿಗೆ ಕೊಂಡಿತು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಆ ಗ್ರಂಥವನ್ನು ಕೊಂಡವರು ಆಳುವವರು, ಓದಿದವರು ಪರದೇಶದವರು. ಅದರಲ್ಲಿ ವರ್ಣಿತರಾದ ಶ್ರೀರಂಗಪಟ್ಟಣದ ಬ್ರಾಹ್ಮಣನಾಗಲಿ, ಸಾಥಳ್ಳಿಯ ರೈತನಾಗಲಿ ಅದನ್ನು ಓದುವನೆಂಬ ನಿರೀಕ್ಷೆ ಲೇಖಕರಿಗೆ ಇರಲಿಲ್ಲ. ಆದುದರಿಂದಲೇ ಅದರ ವಿವರಣೆಗಳು ಎಷ್ಟು ಸೂಕ್ಷ್ಮವೋ ತೀರ್ಪುಗಳು ಅಷ್ಟೇ ನಿರ್ದಯ. ಎದುರಿಗೆ ಕುಳಿತು ಕೇಳುವವನಿಗೆ ಹೇಳಲಾಗದ ಮಾತನ್ನು ಬೆನ್ನ ಹಿಂದೆ ಹೇಳುವುದು ಸುಲಭವಲ್ಲವೇ?

ಇನ್ನೂ ಒಂದು ಸಂಗತಿಯಿದೆ. ಈ ಗ್ರಂಥದ ಬಹುಭಾಗವು ದುಬ್ವಾ ಅವರಿಗಿಂತ ಹಿಂದೆ ದಕ್ಷಿಣ ಭಾರತದಲ್ಲಿದ್ದ ಯೇಸುಸಭೆಯ ಕರ್ದೂ ಎಂಬ ಗುರುಗಳ ಹಸ್ತಪ್ರತಿಯನ್ನು ಆಧರಿಸಿದೆ ಎಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ತಮ್ಮ ಕಣ್ಣೆದುರಿಗಿನ ಜನರನ್ನು ಮತ್ತೊಬ್ಬರ ಹಳೆಯ ಕಾಗದದಲ್ಲಿ ನೋಡುವ ಈ ಅಭ್ಯಾಸ ದುಬ್ವಾ ಅವರೊಂದಿಗೆ ಮುಗಿಯಲಿಲ್ಲ. ಕೊನೆಗೆ 1823ರಲ್ಲಿ ಪ್ಯಾರಿಸ್ಸಿಗೆ ಮರಳಿದ ಅವರು, ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇಲ್ಲಿ ಧರ್ಮಪ್ರಚಾರ ಸಫಲವಾಗುವ ಆಸೆಯನ್ನೇ ಕೈಬಿಟ್ಟರು. ಬಾಳಿನಲ್ಲಿ ಜನರ ನಡುವೆ ಇದ್ದವರು ಬರಹದಲ್ಲಿ ಅವರಿಂದ ದೂರ ನಿಂತರು. ಅವರ ಲಸಿಕೆಯ ಕೆಲಸ ಅವರ ಗ್ರಂಥಕ್ಕಿಂತ ಉತ್ತಮವಾದ ಸಾಕ್ಷ್ಯ ಎಂದೇ ನಾನು ಭಾವಿಸುತ್ತೇನೆ.

ಎರಡನೆಯವರು ಫರ್ಡಿನಾಂಡ್ ಕಿಟ್ಟೆಲ್. ಬಾಸೆಲ್ ಮಿಷನ್ನಿನ ಈ ಜರ್ಮನ್ ಪಾದ್ರಿ ನಮ್ಮ ಪಂಥದವರಲ್ಲ. ಆದರೂ ಒಳಿತನ್ನು ಒಳಿತೆನ್ನಲು ಪಂಥ ಅಡ್ಡಬರಬಾರದು. 1853ರಲ್ಲಿ ಬಂದ ಅವರು ನಾಲ್ಕು ದಶಕಗಳ ತಪಸ್ಸಿನ ಫಲವಾಗಿ 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಸುಮಾರು ಎಪ್ಪತ್ತು ಸಾವಿರ ಪದಗಳು. ಅವುಗಳಿಗೆ ಬೆಂಬಲವಾಗಿ ಹಳೆಯ ಕವಿಗಳ ಪ್ರಯೋಗಗಳು, ಹಳ್ಳಿಗರ ಗಾದೆಗಳು. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದವರೂ ಅವರೇ. ಕ್ರಿಸ್ತನ ಕಥೆಯನ್ನು ಹೇಳುವಾಗಲೂ 1862ರ 'ಕಥಾಮಾಲೆ'ಯಲ್ಲಿ ಅವರು ಆರಿಸಿಕೊಂಡದ್ದು ನಮ್ಮ ಛಂದಸ್ಸನ್ನು.

ಕಿಟ್ಟೆಲರ ಗ್ರಂಥವೂ ದೋಷರಹಿತವಲ್ಲ. ಅರ್ಥಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರಿಂದ ಅಂದಿನ ಸಾಮಾನ್ಯ ಕನ್ನಡಿಗನಿಗೆ ಅದು ಎಟುಕುವಂತಿರಲಿಲ್ಲ. ಅವರಿಗೆ ನೆರವಾದ ಕನ್ನಡ ಪಂಡಿತರನ್ನು ನಾವು ಇಂದು ಕಿಟ್ಟೆಲರಂತೆ ನೆನೆಯುವುದೂ ಇಲ್ಲ. ಆದರೂ ಒಂದು ಮೂಲಭೂತ ವ್ಯತ್ಯಾಸವಿದೆ. ದುಬ್ವಾ ಜನರ ಮೇಲೆ ಮಾತನಾಡಿದರು. ಕಿಟ್ಟೆಲ್ ಜನರಿಂದ ಮಾತು ಕಲಿತರು. ಗಾದೆಯನ್ನು ಬರೆದುಕೊಳ್ಳುವವನು ಅದನ್ನು ಹೇಳಿದವನ ಮುಂದೆ ಶಿಷ್ಯನಾಗಲೇಬೇಕು. ಆದುದರಿಂದಲೇ ಆ ಗ್ರಂಥ ನಮ್ಮಲ್ಲಿಗೆ ಮರಳಿ ಬರಲು ಸಾಧ್ಯವಾಯಿತು. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು. ಮದ್ರಾಸು ವಿಶ್ವವಿದ್ಯಾಲಯ 1968ರಿಂದ ಸಂಪುಟಗಳಾಗಿ ಪ್ರಕಟಿಸಿತು. ಕನ್ನಡಿಗರು ಬೆಂಗಳೂರಿನ ನಡುವೆ ಕಿಟ್ಟೆಲರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ತಮ್ಮ ಬಗ್ಗೆ ಬರೆದವನನ್ನು ಜನರು ಮರೆತಾರು, ತಮಗಾಗಿ ದುಡಿದವನನ್ನು ಮರೆಯಲಾರರು.

ಇದೆಲ್ಲ ಹಳೆಯ ಕಥೆಯೆಂದು ಕುಂದಲಹಳ್ಳಿಯ ಕುಟುಂಬಗಳು ಪುಟ ತಿರುವಬಾರದು. ನಿಮ್ಮ ಮಕ್ಕಳಲ್ಲಿ ಹಲವರು ಉದ್ಯೋಗಕ್ಕೆಂದು ಪರದೇಶಗಳಿಗೆ ಹೋಗುತ್ತಾರೆ. ಕೆಲವರು ರಜೆಯಲ್ಲಿ ಎರಡು ವಾರ ಸ್ವಯಂಸೇವಕರಾಗಿ ಬಡ ದೇಶಗಳಿಗೂ ಹೋಗಿಬರುತ್ತಾರೆ. ಅದು ಮೆಚ್ಚತಕ್ಕ ಕಾರ್ಯ. ಆದರೆ ಅವರು ತರುವ ಚಿತ್ರಗಳನ್ನು ಒಮ್ಮೆ ಪರಿಶೀಲಿಸಿರಿ. ಅಲ್ಲಿನ ಮಗುವಿಗೆ ಹೆಸರಿದೆಯೇ? ಆ ಚಿತ್ರವನ್ನು ಆ ಮಗುವಿನ ತಾಯಿಗೆ ತೋರಿಸಲು ನಮಗೆ ಧೈರ್ಯವಿದೆಯೇ? ಇಲ್ಲವಾದರೆ, ನಾವು ಬರೆಯುತ್ತಿರುವುದು ದುಬ್ವಾ ಅವರ ಗ್ರಂಥದ ಮತ್ತೊಂದು ಅಧ್ಯಾಯ.

ಇನ್ನು, ಪರದೇಶಕ್ಕೆ ಹೋಗಲಾರದವರು ನಿರಾಶರಾಗಬೇಕಿಲ್ಲ. ನಿಮ್ಮ ಊರಿಗೇ ಹೊರನಾಡು ಬಂದಿದೆ. 2023ರಲ್ಲಿ ಕುಂದಲಹಳ್ಳಿಗೆ ಮೆಟ್ರೊ ಬಂದಿತು. ಇಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರು, ವಸತಿ ಸಮುಚ್ಚಯಗಳ ಬಾಗಿಲು ಕಾಯುವವರು, ಮನೆಗೆಲಸಕ್ಕೆ ಬರುವವರು ಬಂಗಾಳಿ, ಒಡಿಯಾ, ಹಿಂದಿ, ತೆಲುಗು ಮಾತನಾಡುತ್ತಾರೆ. ಕ್ರಿಸ್ಮಸ್ಸಿಗೆ ಅವರಿಗೆ ಕಂಬಳಿ ಹಂಚುತ್ತೇವೆ. ಅವರ ಊರು ಯಾವುದೆಂದು ಕೇಳುವುದಿಲ್ಲ. ನಮ್ಮ ಕನ್ನಡವನ್ನು ಅವರಿಗೆ ಕಲಿಸುವ ತಾಳ್ಮೆಯೂ ನಮಗಿಲ್ಲ, ಅವರ ನುಡಿಯಲ್ಲಿ ನಾಲ್ಕು ಮಾತು ಕಲಿಯುವ ಕುತೂಹಲವೂ ಇಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧರ್ಮಪ್ರಚಾರವನ್ನು ಕುರಿತು ಹೊರಡಿಸಿದ ಆದೇಶಪತ್ರವು ಮಿಷನರಿಯಾಗುವವನು ಆ ಜನರ ಭಾಷೆಯನ್ನೂ ಸಂಸ್ಕೃತಿಯನ್ನೂ ಗೌರವದಿಂದ ಅರಿಯಬೇಕೆಂದು ವಿಧಿಸಿದೆ. ಪಂಚಾಶತ್ತಮ ದಿನದಂದು ಜೆರುಸಲೇಮಿನಲ್ಲಿ ನೆರೆದಿದ್ದ ಪರದೇಶಿಗಳಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ತಾಯ್ನುಡಿಯಲ್ಲೇ ಶುಭಸಂದೇಶವನ್ನು ಕೇಳಿದರೆಂಬುದನ್ನು ನೀವು ಬಲ್ಲಿರಿ. ಪವಿತ್ರಾತ್ಮರ ಮೊದಲ ವರದಾನವೇ ಮತ್ತೊಬ್ಬರ ಮಾತು.

ಮುಂದಿನ ಅಕ್ಟೋಬರಿನಲ್ಲಿ ಕಾಣಿಕೆಯ ಲಕೋಟೆ ನಿಮ್ಮ ಕೈಗೆ ಬಂದಾಗ ಅದನ್ನು ತುಂಬಿರಿ, ಸಂತೋಷ. ಅದರೊಂದಿಗೆ, ನಿಮ್ಮ ಬಾಗಿಲಲ್ಲಿ ದುಡಿಯುವ ಒಬ್ಬರ ಹೆಸರನ್ನೂ, ಅವರ ನುಡಿಯಲ್ಲಿ 'ಊಟವಾಯಿತೇ' ಎಂದು ಕೇಳುವ ಬಗೆಯನ್ನೂ ಕಲಿಯಿರಿ. ಅದನ್ನು ಅವರಿಂದಲೇ ಕಲಿಯಿರಿ. ಪ್ರಭುವು ನಿಮ್ಮನ್ನು ಆಶೀರ್ವದಿಸಲಿ.