ಆಟದ ಯಂತ್ರವೂ ವಿಜ್ಞಾನದ ಪಾಠವೂ

ತರಗತಿಗೆ ಆಟದ ರೋಬಾಟನ್ನು ತಂದರೆ ವಿಜ್ಞಾನದಲ್ಲಿ ವಿದ್ಯಾರ್ಥಿಗಳ ಆಸಕ್ತಿ ತಾನಾಗಿ ಚಿಗುರುವುದೆಂಬ ನಂಬಿಕೆ ಇಂದು ವ್ಯಾಪಕವಾಗಿದೆ. ಈ ನಂಬಿಕೆಯ ಚರಿತ್ರೆಯನ್ನು ಅರಸುವವರು ಸೆಮೋರ್ ಪ್ಯಾಪರ್ಟರು 1980ರಲ್ಲಿ ಪ್ರಕಟಿಸಿದ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಗ್ರಂಥವನ್ನು ಕಡೆಗಣಿಸಲಾರರು. ಆ ಗ್ರಂಥವು ಹೇಳಿದ್ದೇನು, ಅದರ ತರುವಾಯ ನಡೆದದ್ದೇನು ಎಂಬುದನ್ನು ಬೇರ್ಪಡಿಸಿ ನೋಡುವುದು ಅವಶ್ಯವೆಂದು ನಮಗೆ ತೋರುತ್ತದೆ.

ಪ್ಯಾಪರ್ಟರು ಜಿನೀವಾದಲ್ಲಿ ಪಿಯಾಜೆಯವರೊಡನೆ ಕೆಲಸಮಾಡಿ, ಅನಂತರ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯನ್ನು ಸೇರಿದ ಗಣಿತಜ್ಞರು. ಅವರೂ ಅವರ ಸಹೋದ್ಯೋಗಿಗಳೂ 1967ರಲ್ಲಿ ರೂಪಿಸಿದ ‘ಲೋಗೋ’ ಎಂಬ ಗಣಕಭಾಷೆಗೆ ಕೆಲವೇ ವರ್ಷಗಳಲ್ಲಿ ನೆಲದ ಮೇಲೆ ಹರಿದಾಡುವ ಯಂತ್ರದ ‘ಆಮೆ’ಯೊಂದು ಜೊತೆಗೂಡಿತು. ನೂರು ಹೆಜ್ಜೆ ಮುಂದೆ ನಡೆ, 90 ಅಂಶ ಬಲಕ್ಕೆ ತಿರುಗು ಎಂದು ನಾಲ್ಕು ಸಲ ಆಜ್ಞಾಪಿಸಿದರೆ ಅದು ಚೌಕವನ್ನು ಬರೆಯುತ್ತದೆ. ಸಮಬಾಹು ತ್ರಿಭುಜವನ್ನು ಬರೆಯಿಸಹೊರಟ ಬಾಲಕನು, ಒಳಕೋನ 60 ಅಂಶವೆಂದು ಓದಿದವನಾದ್ದರಿಂದ, 60 ಅಂಶ ತಿರುಗೆನ್ನುತ್ತಾನೆ. ಆಮೆ ದಾರಿ ತಪ್ಪುತ್ತದೆ. ತಾನೇ ಎದ್ದು ಆ ದಾರಿಯಲ್ಲಿ ನಡೆದು ನೋಡಿದಾಗ, ತಿರುಗಬೇಕಾದದ್ದು ಹೊರಕೋನವಾದ 120 ಅಂಶವೆಂದು ಅವನಿಗೆ ಹೊಳೆಯುತ್ತದೆ. ತಪ್ಪೆಂಬುದು ಇಲ್ಲಿ ದಂಡನೆಗೆ ಕಾರಣವಾಗದೆ ಶೋಧನೆಗೆ ವಸ್ತುವಾಯಿತು. ಗ್ರಂಥದ ನಿಜವಾದ ಹಿರಿಮೆ ಇದೇ. ಆಮೆಯು ಮಗುವನ್ನು ಪಾಠಕ್ಕೆ ಎಳೆಯುವ ಮಿಠಾಯಿಯಲ್ಲ, ಅದೇ ಪಾಠ.

ಗ್ರಂಥಕ್ಕೆ ದೋಷವಿಲ್ಲವೆಂದಲ್ಲ. ಇಂಥ ಅಭ್ಯಾಸದಿಂದ ಮಗುವಿನ ಆಲೋಚನಾಕ್ರಮವೇ ಬದಲಾಗುವುದೆಂಬ ಆಶೆ ಅದರಲ್ಲಿ ಅತಿಯಾಗಿದೆ. ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡರು 1984ರಲ್ಲಿ ವರದಿಮಾಡಿದ ಪರೀಕ್ಷೆಗಳಲ್ಲಿ, ಒಂದು ವರ್ಷ ಲೋಗೋ ಕಲಿತ ಮಕ್ಕಳು ಬೇರೊಂದು ಕಾರ್ಯವನ್ನು ಯೋಜಿಸುವುದರಲ್ಲಿ ಇತರರಿಗಿಂತ ಮುಂದಿರಲಿಲ್ಲ. ಯಂತ್ರವೊಂದರಿಂದಲೇ ಏನಾಗುವುದೆಂದು ಕೇಳುವುದು ತಪ್ಪು, ಅದರ ಸುತ್ತಲಿನ ಕಲಿಕೆಯ ಸಂಸ್ಕೃತಿಯನ್ನು ನೋಡಬೇಕು ಎಂದು ಪ್ಯಾಪರ್ಟರು 1987ರಲ್ಲಿ ಉತ್ತರಿಸಿದರು. ಉತ್ತರವು ಯುಕ್ತವೇ. ಆದರೆ ಆ ಸಂಸ್ಕೃತಿಯನ್ನು ಕಟ್ಟಬೇಕಾದ ಅಧ್ಯಾಪಕನಿಗೆ ಗ್ರಂಥದಲ್ಲಿ ದೊರೆತಿರುವ ಸ್ಥಾನವು ಕಿರಿದು.

ಮುಂದಿನ ಚರಿತ್ರೆಯಲ್ಲಿ ಉಳಿದದ್ದು ಹೆಚ್ಚಾಗಿ ಆಕರ್ಷಣೆಯೇ. ಡೀನ್ ಕೇಮನ್ನರು ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯು 1992ರಲ್ಲಿ ರೋಬಾಟುಗಳ ಪಂದ್ಯವನ್ನು ಕ್ರೀಡಾಕೂಟದ ಮಾದರಿಯಲ್ಲಿ ಆರಂಭಿಸಿತು. ಲೆಗೋ ಸಂಸ್ಥೆಯು 1998ರಲ್ಲಿ ಈ ಗ್ರಂಥದ ಹೆಸರನ್ನೇ ಇಟ್ಟು ರೋಬಾಟಿನ ಸಾಮಗ್ರಿಯನ್ನು ಮಾರುಕಟ್ಟೆಗೆ ತಂದು, 2022ರ ಕೊನೆಗೆ ಅದನ್ನು ನಿಲ್ಲಿಸಿತು. ನಮ್ಮ ದೇಶದಲ್ಲಿಯೂ 2016ರಿಂದೀಚೆಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ಇಂಥ ಸಾಮಗ್ರಿ ಶಾಲೆಗಳನ್ನು ತಲುಪಿದೆ. ಪಂದ್ಯವು ಉತ್ಸಾಹವನ್ನೂ ಸಹಕಾರವನ್ನೂ ಬೆಳೆಸಬಲ್ಲುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸೂಚನಾಪತ್ರವನ್ನು ಅನುಸರಿಸಿ ಬಿಡಿಭಾಗಗಳನ್ನು ಜೋಡಿಸುವುದಷ್ಟೇ ಕೆಲಸವಾದರೆ, ದಾರಿ ತಪ್ಪಿದ ಆಮೆಯು ಕಲಿಸಿದ್ದನ್ನು ಗೆದ್ದ ರೋಬಾಟು ಕಲಿಸಲಾರದು.

ಆದ್ದರಿಂದ ಅಧ್ಯಾಪಕರು ಕೇಳಬೇಕಾದ ಪ್ರಶ್ನೆ ವಿದ್ಯಾರ್ಥಿಗಳು ಸಂತೋಷಪಟ್ಟರೇ ಎಂಬುದೊಂದೇ ಅಲ್ಲ. ಅವರು ಎಲ್ಲಿ ಎಡವಿದರು, ಎಡವಿದ ಕಾರಣವನ್ನು ತಾವೇ ಕಂಡುಕೊಂಡರೇ ಎಂಬುದು. ರೋಬಾಟನ್ನು ಕೊಳ್ಳುವ ಶಕ್ತಿಯಿಲ್ಲದ ಶಾಲೆಯೂ ಇದರಿಂದ ಎದೆಗುಂದಬೇಕಾಗಿಲ್ಲ. 120 ಅಂಶದ ರಹಸ್ಯವನ್ನು ಅರಿಯಲು ಒಂದು ಸೀಮೆಸುಣ್ಣ, ಅಂಗಳದ ನೆಲ, ನಡೆಯಬಲ್ಲ ವಿದ್ಯಾರ್ಥಿ, ಅವಸರಪಡದ ಗುರು ಇಷ್ಟು ಸಾಕು.