ಯಾರ ಮೈಬಣ್ಣಕ್ಕೆ ನ್ಯೂಟ್ರಲ್?

‘ಅಕ್ಕ, ಕಣ್ಣು ಸಿಂಪಲ್ಲಾಗಿರ್ಲಿ. ನ್ಯೂಟ್ರಲ್ ಶೇಡ್ ಹಾಕಿ, ಮೇಕಪ್ ಮಾಡಿದ್ದೇ ಗೊತ್ತಾಗ್ಬಾರ್ದು.’ ಕೆಸರೆಯ ಪಾರ್ಲರುಗಳಲ್ಲಿ ಈಗ ಮದುಮಗಳಿಂದ ಹಿಡಿದು ಅವಳ ಚಿಕ್ಕಮ್ಮನ ಮಗಳವರೆಗೆ ಎಲ್ಲರೂ ಕೇಳುವುದು ಇದನ್ನೇ. ಮೈಸೂರಿನ ಈಶಾನ್ಯ ಅಂಚಿನ ಈ ಬಡಾವಣೆಯಲ್ಲಿ ಪಾರ್ಲರ್ ಅಂದರೆ ಎಷ್ಟೋ ಕಡೆ ಮನೆಯ ಮುಂದಿನ ಕೋಣೆ. ಒಂದು ದೊಡ್ಡ ಕನ್ನಡಿ, ತಿರುಗುವ ಕುರ್ಚಿ, ಹುಬ್ಬು ತೀಡುವ ದಾರದ ಉಂಡೆ, ಗೋಡೆಗೆ ಮೆಹೆಂದಿ ಡಿಸೈನಿನ ಚಾರ್ಟು. ಈಚೆಗೆ ಮೂಲೆಯಲ್ಲೊಂದು ರಿಂಗ್ ಲೈಟು. ಆ ಕೋಣೆಗಳಲ್ಲಿ ತಯಾರಾಗುವ ಕಂದು ರೆಪ್ಪೆಗಳನ್ನು ಒಂದು ಕಸುಬಿನ ಕೆಲಸವೆಂದೇ ನೋಡಿ ಬೆಲೆ ಕಟ್ಟಬೇಕು. ಅಲ್ಲಿ ಬಹಳ ಚೆಲುವಾದ ಕೆಲಸ ಆಗುತ್ತಿದೆ, ಅಷ್ಟೇ ಕೆಟ್ಟದ್ದೂ ಆಗುತ್ತಿದೆ. ಎರಡಕ್ಕೂ ಬಳಸುವ ಐಶ್ಯಾಡೋ ಪೆಟ್ಟಿಗೆ ಒಂದೇ.

ಇದಕ್ಕೆ ಮುಂಚೆ ಇಲ್ಲಿ ನಡೆಯುತ್ತಿದ್ದುದು ಮ್ಯಾಚಿಂಗ್. ಹಸಿರು ಸೀರೆಗೆ ಹಸಿರು ರೆಪ್ಪೆ, ನೇರಳೆ ಲೆಹೆಂಗಾಗೆ ನೇರಳೆ ರೆಪ್ಪೆ, ಮೇಲೊಂದಿಷ್ಟು ಬೆಳ್ಳಿ ಮಿಂಚು. ಆ ಕಾಲದ ಮದುವೆ ಆಲ್ಬಂ ತೆಗೆದರೆ ಮೊದಲು ಕಾಣುವುದು ರೆಪ್ಪೆ, ಆಮೇಲೆ ಕಣ್ಣು, ಹುಡುಗಿಯ ಗುರುತು ಹತ್ತುವುದು ಕಟ್ಟಕಡೆಗೆ. ಹಾಗಾಗಿ ಕಂದು ಬಣ್ಣ ಬಂದು ಒಂದು ದೊಡ್ಡ ಉಪಕಾರವನ್ನೇ ಮಾಡಿದೆ. ಮುಖವನ್ನು ಸೀರೆಯ ಅಂಚಿನ ಮುಂದುವರಿಕೆ ಮಾಡುವುದನ್ನು ಅದು ನಿಲ್ಲಿಸಿತು. ದುಡ್ಡಿನ ಲೆಕ್ಕವೂ ಇದೆ. ಧಾರೆಗೊಂದು ಸೀರೆ, ಆರತಕ್ಷತೆಗೆ ಇನ್ನೊಂದು, ನಿಕಾಹ್ ಆದರೆ ಅಂದಿಗೊಂದು ಜೊತೆ, ವಲೀಮಾಗೆ ಮತ್ತೊಂದು. ಕಂದು ಎಲ್ಲಕ್ಕೂ ನಡೆಯುತ್ತದೆ. ಬ್ಯೂಟಿಷಿಯನ್ ಹತ್ತು ಬಣ್ಣದ ಡಬ್ಬಿ ಕೊಂಡು ಒಣಗಿಸಬೇಕಾಗಿಲ್ಲ. ಬೀಗರ ಕಡೆಯ ಹಿರಿಯರಿಗೆ ಮಾತ್ರ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ‘ಏನೂ ಹಚ್ಚೇ ಇಲ್ವಲ್ಲ ಕಣಮ್ಮ, ಅಷ್ಟು ದುಡ್ಡು ಯಾಕೆ ಕೊಟ್ರಿ?’ ಅನ್ನುವವರು ಪ್ರತಿ ಛತ್ರದಲ್ಲೂ ಇರುತ್ತಾರೆ.

ಆ ಪ್ರಶ್ನೆಗೆ ಉತ್ತರ ಕೆಲಸದ ಹೊತ್ತಿನಲ್ಲಿದೆ. ನೀಲಿಯನ್ನು ರೆಪ್ಪೆ ತುಂಬ ಒಂದೇ ಸಮ ಬಳಿದರೂ ಅದು ನೀಲಿಯೇ, ಬಣ್ಣವೇ ಎಲ್ಲರ ಕಣ್ಣನ್ನೂ ಎಳೆದುಕೊಳ್ಳುತ್ತದೆ. ಕಂದಿಗೆ ಆ ಗತ್ತು ಇಲ್ಲ. ಅದು ಮಾಡಬೇಕಾದದ್ದು ನೆರಳಿನ ಕೆಲಸ. ಗಾಢವಾದದ್ದು ಹಿಂದೆ ಸರಿಯುತ್ತದೆ, ತಿಳಿಯಾದದ್ದು ಮುಂದೆ ಬರುತ್ತದೆ, ಇಷ್ಟೇ ಸೂತ್ರ. ರೆಪ್ಪೆಯ ಮಡಿಕೆಯಲ್ಲಿ ಮೈಬಣ್ಣಕ್ಕಿಂತ ಒಂದು ಛಾಯೆ ಗಾಢವಾದ ಮ್ಯಾಟ್, ಹೊರಮೂಲೆಯಲ್ಲಿ ಅದಕ್ಕಿಂತ ಗಾಢ, ನಡು ರೆಪ್ಪೆಯಲ್ಲಿ ಬೇಕಿದ್ದರೆ ಮಿಂಚು. ಒಂದು ಮುಗಿದು ಇನ್ನೊಂದು ಶುರುವಾಗುವ ಗೆರೆ ಎಲ್ಲಿಯೂ ಕಾಣಬಾರದು. ಆ ಗೆರೆ ಅಳಿಸುವುದಕ್ಕೇ ಮುಕ್ಕಾಲು ಪಾಲು ಸಮಯ ಹೋಗುತ್ತದೆ. ದುಡ್ಡು ಕೊಟ್ಟಿರುವುದು ಅದಕ್ಕೆ.

ಇನ್ನು ಪೆಟ್ಟಿಗೆಯ ವಿಚಾರ. ಐಶ್ಯಾಡೋ ಕಂದುಗಳೆಲ್ಲ ಹೆಚ್ಚುಕಡಿಮೆ ಕಬ್ಬಿಣದ ಆಕ್ಸೈಡುಗಳೇ. ಕೆಂಪು, ಹಳದಿ, ಕಪ್ಪು ಮೂರು ಬಗೆಯವನ್ನು ಬೇರೆ ಬೇರೆ ಪಾಲಿನಲ್ಲಿ ಬೆರೆಸಿದರೆ ಇಟ್ಟಿಗೆಯಿಂದ ಕಾಫಿಯವರೆಗಿನ ಛಾಯೆಗಳೆಲ್ಲ ಬರುತ್ತವೆ. ನಮ್ಮ ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಇದೇ ಕಬ್ಬಿಣ. ತಿಳಿ ಮಾಡಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ, ಮೈ ತುಂಬಿಸಲು ಟಾಲ್ಕ್, ಮಿಂಚಿಗೆ ಅಭ್ರಕ. (ಜಾರ್ಖಂಡಿನ ಕೋಡರ್ಮಾ, ಗಿರಿಡೀಹ್ ಕಡೆಯ ಅಭ್ರಕದ ಹಿಂದೆ ಮಕ್ಕಳ ದುಡಿಮೆ ಇದೆ ಎಂಬುದು ಹಲವು ಸಲ ವರದಿಯಾಗಿದೆ. ಆ ಲೆಕ್ಕವನ್ನು ಕೆಸರೆಯ ಬ್ಯೂಟಿಷಿಯನ್ ಹತ್ತಿರ ಕೇಳುವುದು ನ್ಯಾಯವಲ್ಲ, ಡಬ್ಬಿಯ ಮೇಲೆ ಹೆಸರು ಹಾಕಿಕೊಂಡವರ ಹತ್ತಿರ ಕೇಳಬೇಕು.) ತೊಂದರೆ ಹುಟ್ಟುವುದು ಆ ಬಿಳಿಯಲ್ಲಿ. ಬೀಜ್, ಟೋಪ್ ಎಂದು ಹೆಸರಿಟ್ಟ ತಿಳಿ ಛಾಯೆಗಳಲ್ಲಿ ಬಿಳಿಯ ಪಾಲು ಹೆಚ್ಚು. ಬೆಳ್ಳನೆಯ ಚರ್ಮದ ಮೇಲೆ ಅದು ಮೆದುವಾದ ನೆರಳಾಗುತ್ತದೆ. ಎಣ್ಣೆಗೆಂಪು ಮುಖದ ಮೇಲೆ, ನಸುಗಪ್ಪು ಮುಖದ ಮೇಲೆ ಅದೇ ಪುಡಿ ವಿಭೂತಿ ಬಳಿದ ಹಾಗೆ ಕೂರುತ್ತದೆ. ನೆರಳು ಬೀಳಬೇಕಾದ ಮಡಿಕೆ ಉಬ್ಬಿದಂತೆ ಕಾಣುತ್ತದೆ, ಕಣ್ಣು ಸಣ್ಣದಾಗುತ್ತದೆ, ನಿದ್ದೆಗೆಟ್ಟ ಕಳೆ ಬರುತ್ತದೆ. ಇನ್ನೂ ತಿಕ್ಕಿದರೆ ಸರಿಹೋದೀತೆಂದು ತಿಕ್ಕುತ್ತಾರೆ, ಬೂದಿ ಇನ್ನಷ್ಟು ಹರಡುತ್ತದೆ. ಕೈ ಚಳಕ ಎಷ್ಟಿದ್ದರೂ ಇಲ್ಲಿ ಸಾಲದು, ಆರಿಸಿದ ಪುಡಿಯೇ ತಪ್ಪು.

ಈ ಫ್ಯಾಷನ್ನಿಗೆ ಜಗತ್ತಿನಾದ್ಯಂತ ಬಲ ತಂದದ್ದು ಅಮೆರಿಕದ ಅರ್ಬನ್ ಡಿಕೇ ಕಂಪನಿ 2010ರಲ್ಲಿ ತಂದ ‘ನೇಕೆಡ್’ ಪ್ಯಾಲೆಟ್. ಹನ್ನೆರಡು ಛಾಯೆ, ಕಂದು-ಚಿನ್ನ-ಬೂದು ಬಳಗ. ಅದರಲ್ಲೊಂದು ಛಾಯೆಯ ಹೆಸರೇ ‘ನೇಕೆಡ್’, ಮೈಬಣ್ಣದ್ದು ಎಂಬ ಅರ್ಥದಲ್ಲಿ. ಯಾರ ಮೈ ಎಂದು ಅವರು ಕೇಳಿಕೊಂಡಿರಲಿಲ್ಲ. 2018ರಲ್ಲಿ ಕಂಪನಿ ಆ ಪೆಟ್ಟಿಗೆಯನ್ನು ನಿಲ್ಲಿಸಿತು, ಆದರೆ ಅಷ್ಟರಲ್ಲಿ ಅದರ ಅಚ್ಚು ಎಲ್ಲೆಡೆ ಹಬ್ಬಿಯಾಗಿತ್ತು. ಇಂದು ಶಿವರಾಮಪೇಟೆಯ, ಮಂಡಿ ಮೊಹಲ್ಲಾದ ಫ್ಯಾನ್ಸಿ ಸ್ಟೋರುಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ‘ನ್ಯೂಡ್’ ಪೆಟ್ಟಿಗೆಗಳು ಅದೇ ಕುಲದವು. ಚರ್ಮದ ಪ್ರಶ್ನೆಯನ್ನು ಮಾರುಕಟ್ಟೆ ಆಮೇಲೆ ಎತ್ತಿಕೊಳ್ಳದೆ ಇರಲಿಲ್ಲ. ಫೆಂಟಿ ಬ್ಯೂಟಿ 2017ರಲ್ಲಿ ಒಂದೇ ಸಲಕ್ಕೆ ನಲವತ್ತು ಛಾಯೆಯ ಫೌಂಡೇಶನ್ ಇಟ್ಟ ಮೇಲೆ ಉಳಿದವರಿಗೂ ಗಾಢ ಬಣ್ಣದ ಗಿರಾಕಿಗಳು ಕಂಡರು. ಹುಡಾ ಬ್ಯೂಟಿ ನ್ಯೂಡ್ ಬಣ್ಣಗಳನ್ನೇ ಲೈಟ್, ಮೀಡಿಯಂ, ರಿಚ್ ಎಂದು ಮೂರು ಪೆಟ್ಟಿಗೆ ಮಾಡಿತು. ಆದರೆ ಆ ತಿದ್ದುಪಡಿ ಸುತ್ತಿ ಬಳಸಿ ಸಯ್ಯಾಜಿರಾವ್ ರಸ್ತೆಗೆ ಬರುವ ಹೊತ್ತಿಗೆ ಅರ್ಧ ಸೋರಿಹೋಗಿರುತ್ತದೆ. ಅಂಗಡಿಯವರು ತರಿಸುವುದು ಓಡುವ ಮಾಲನ್ನು, ಓಡುವುದು ಮೊಬೈಲಿನಲ್ಲಿ ಕಂಡದ್ದು.

ಇದಕ್ಕೆ ನಮ್ಮಲ್ಲಿ ಬೇರೊಂದು ಹಳೆಯ ದಾರಿ ಇತ್ತು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ, ಕಲಾವಿದರು ಬಿಳಿಯ ಸಫೇತ, ಹಳದಿಯ ಅರದಾಳ, ಕೆಂಪಿನ ಇಂಗಳೀಕವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ತಮ್ಮ ತಮ್ಮ ಮುಖಕ್ಕೆ ಬೇಕಾದ ಬಣ್ಣ ಹದಮಾಡಿಕೊಳ್ಳುತ್ತಿದ್ದರು. ಅಂಗೈ ಮೇಲೆ ಕಲಸಿ, ಕೆನ್ನೆಗೆ ಮುಟ್ಟಿಸಿ ನೋಡಿ, ಹಳದಿ ಸಾಲದೆಂದರೆ ಮತ್ತೆ ಚಿಟಿಕೆ. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಆ ಸಾಮಗ್ರಿ ಹೋದದ್ದೇ ಒಳ್ಳೆಯದಾಯಿತು. ಕಲಸುವ ವಿದ್ಯೆ ಮಾತ್ರ ಉಳಿಯಬೇಕಾದದ್ದು. ಮೈಬಣ್ಣವೆಂಬುದು ಡಬ್ಬಿಯಲ್ಲಿ ಸಿದ್ಧವಾಗಿ ಬರುತ್ತದೆಂದು ಆ ಕನ್ನಡಿಯ ಮುಂದೆ ಕೂತ ಯಾರೂ ಅಂದುಕೊಂಡಿರಲಿಲ್ಲ.

ಕೆಸರೆಯ ಒಳ್ಳೆಯ ಬ್ಯೂಟಿಷಿಯನ್ನರು ಮಾಡುತ್ತಿರುವುದೂ ಅದನ್ನೇ. ಅವರಿಗೆ ಚೌಕಿಯ ಸಂಬಂಧವೇನೂ ಇಲ್ಲ, ಗಿರಾಕಿಯ ಮುಖವೇ ಕಲಿಸಿದೆ. ಅಂಥ ಒಬ್ಬಾಕೆ ಕೆಲಸ ಮಾಡುವುದನ್ನು ಹತ್ತಿರ ಕೂತು ನೋಡಿದೆ. ಹುಡುಗಿಯದು ಎಣ್ಣೆಗಪ್ಪು ಬಣ್ಣ, ರೆಪ್ಪೆ ಮುಖಕ್ಕಿಂತ ಇನ್ನಷ್ಟು ಕಪ್ಪು. ಮೊದಲು ರೆಪ್ಪೆಗೆ ಕನ್ಸೀಲರ್ ಹಾಕಿದರು. ಬೆಳ್ಳಗಿನದಲ್ಲ, ಕಿತ್ತಳೆ ಛಾಯೆಯದು; ಬೂದುಗಪ್ಪನ್ನು ಕಡಿಯಬೇಕಾದರೆ ಅದೇ ಬೇಕು. ಬೆರಳಲ್ಲಿ ತಟ್ಟಿ ತಟ್ಟಿ ತೆಳ್ಳಗೆ ಮಾಡಿ, ಮೇಲೆ ಒಂದಿಷ್ಟು ಪೌಡರ್. ಆಮೇಲೆ ಪೆಟ್ಟಿಗೆ ತೆರೆದರು. ಮೇಲಿನ ಸಾಲಿನ ಬೀಜುಗಳ ತಂಟೆಗೇ ಹೋಗಲಿಲ್ಲ, ಆ ಸಾಲು ಹೊಸದರಂತೆಯೇ ಇತ್ತು. ಇಟ್ಟಿಗೆ ಕೆಂಪಿನ ಕುಳಿಯೂ ಚಾಕೊಲೇಟ್ ಕಂದಿನ ಕುಳಿಯೂ ತಳದ ತಗಡು ಕಾಣುವಷ್ಟು ಸವೆದಿದ್ದವು. ತಮ್ಮದೇ ಕೈಯ ಹಿಂಬದಿಯಲ್ಲಿ ಎರಡನ್ನೂ ಕೂಡಿಸಿ, ಬ್ರಷ್ಷನ್ನು ಡಬ್ಬಿಯ ಅಂಚಿಗೆ ಕೊಡವಿ, ಕಣ್ಣು ತೆರೆದಿಟ್ಟು ನೇರ ನೋಡಲು ಹೇಳಿದರು. ಮಡಿಕೆ ಎಲ್ಲಿ ಬೀಳುತ್ತದೋ ಅದಕ್ಕಿಂತ ಎಳ್ಳಷ್ಟು ಮೇಲೆ ಬ್ರಷ್ಷಿಟ್ಟು ಆ ಕಡೆಯಿಂದ ಈ ಕಡೆಗೆ ಓಡಿಸತೊಡಗಿದರು. ಬ್ರಷ್ಷಿನ ಹಿಡಿಯನ್ನು ತೀರ ಹಿಂದೆ, ತುದಿಯಲ್ಲಿ ಹಿಡಿದಿದ್ದರು. ಮುಂದೆ ಹಿಡಿದರೆ ಒತ್ತು ಬೀಳುತ್ತದೆ, ಕಲೆ ನಿಲ್ಲುತ್ತದೆ. ತಾಮ್ರದ ಮಿಂಚನ್ನು ಬ್ರಷ್ಷಿನಲ್ಲಿ ಹಾಕಲೇ ಇಲ್ಲ, ಉಂಗುರ ಬೆರಳಿಂದ ನಡು ರೆಪ್ಪೆಗೆ ಒತ್ತಿದರು. ಕೊನೆಗೆ ಹುಡುಗಿಯನ್ನು ಎಬ್ಬಿಸಿ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಬಿಸಿಲಿಗೆ ಮುಖ ತಿರುಗಿಸಿ ನೋಡಿದರು. ‘ಒಳಗಡೆ ಲೈಟ್ ನಂಬ್ಕೊಂಡ್ರೆ ಕೆಟ್ವಿ ಕಣಕ್ಕ’ ಅಂದರು ನನಗೆ.

ಆ ಕಣ್ಣಲ್ಲಿ ಬಣ್ಣ ಹಚ್ಚಿದ್ದು ಕಾಣಲಿಲ್ಲ. ರೆಪ್ಪೆಗೆ ಆಳ ಬಂದಿತ್ತು, ಅಷ್ಟೆ. ನ್ಯೂಟ್ರಲ್ ಎಂಬ ಮಾತಿಗೆ ನ್ಯಾಯ ಸಲ್ಲಿಸಿದ ಕೆಲಸವೆಂದರೆ ಇದು, ಮತ್ತು ಅದರಲ್ಲಿ ಬಳಕೆಯಾದ ಒಂದು ಛಾಯೆಯನ್ನೂ ಪೆಟ್ಟಿಗೆ ಮಾಡಿದವರು ನ್ಯೂಟ್ರಲ್ ಎಂದು ಕರೆದಿರಲಿಲ್ಲ. ಇಟ್ಟಿಗೆ, ತಾಮ್ರ, ಚಾಕೊಲೇಟ್ ಅವರ ಲೆಕ್ಕದಲ್ಲಿ ‘ವಾರ್ಮ್’, ‘ಬೋಲ್ಡ್’. ಬೆಳ್ಳನೆಯ ಮುಖದ ಮೇಲೆ ಕಣ್ಣು ನೋವು ಬಂದ ಹಾಗೆ ಕಾಣುವ ಇಟ್ಟಿಗೆ ಬಣ್ಣ ಇಲ್ಲಿ ಸುಮ್ಮನೆ ನೆರಳಾಗಿ ಕೂತಿತ್ತು.

ಬೆಳಕಿನ ಬಗ್ಗೆ ಆಕೆ ಹೇಳಿದ್ದು ಅನುಭವದ ಮಾತು. ತಣ್ಣನೆಯ ಬಿಳಿ ಎಲ್ಇಡಿಯ ಕೆಳಗೆ ಕೆಂಪು ಅಡಗಿ ಕಂದು ಬೂದುಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಪಾರ್ಲರಿನೊಳಗೆ ಕೂತು ಮಾಡುವಾಗ ಇನ್ನೂ ಬೇಕು ಅನ್ನಿಸಿ ಇನ್ನೂ ಹಾಕುತ್ತಾರೆ. ಛತ್ರದ ವೇದಿಕೆಯ ಫೋಕಸ್ ಲೈಟಿಗೆ ಅದು ಹಿಡಿಸಬಹುದು. ಬೆಳಗಿನ ಮುಹೂರ್ತದ ಹೊತ್ತಿಗೆ, ಹೊರಗಿನ ಬೆಳಕಿನಲ್ಲಿ, ಅದೇ ಕಣ್ಣು ಬಡಿದು ಕಪ್ಪುಗಟ್ಟಿದಂತೆ ಕಾಣುತ್ತದೆ. ಕಣ್ಣಡಿಗೆ ಸಿಲಿಕಾ ಇರುವ ‘ಎಚ್‌ಡಿ’ ಪೌಡರನ್ನು ಧಾರಾಳವಾಗಿ ಬಡಿದರಂತೂ ಫ್ಲಾಶ್ ಫೋಟೋದಲ್ಲಿ ಎರಡು ಬಿಳಿ ಮಚ್ಚೆ ಖಾತ್ರಿ. ರೀಲ್ಸಿನಲ್ಲಿ ಇವು ಯಾವುವೂ ತಿಳಿಯುವುದಿಲ್ಲ, ಅಲ್ಲಿ ರಿಂಗ್ ಲೈಟು ಎದುರಿಗೇ ನಿಂತು ಎಲ್ಲ ನೆರಳನ್ನೂ ನುಂಗಿಬಿಟ್ಟಿರುತ್ತದೆ. ಹೋಮದ ಹೊಗೆ, ಬೆವರು, ಧಾರೆ ಹೊತ್ತಿನ ಅಳು ಕೂಡ ರೀಲ್ಸಿನಲ್ಲಿಲ್ಲ.

ಆಮದಾದ ನ್ಯೂಟ್ರಲ್ ಪಾಠದಲ್ಲಿ ನನಗೆ ಎಷ್ಟು ಮಾತ್ರಕ್ಕೂ ಒಪ್ಪಿಗೆಯಾಗದ ಒಂದು ಅಂಶವಿದೆ. ಕಣ್ಣಿನ ಒಳ ಅಂಚಿಗೆ ಬೀಜ್ ಪೆನ್ಸಿಲ್ ಎಳೆಯುವುದು. ಕಣ್ಣು ದೊಡ್ಡದಾಗಿ ಕಾಣುತ್ತದೆ ಎಂಬ ವಾದ. ನಮ್ಮ ಕಪ್ಪು ಗುಡ್ಡೆಯ, ದಟ್ಟ ರೆಪ್ಪೆಕೂದಲಿನ ಕಣ್ಣಿಗೆ ಆ ಬಿಳುಪು ಗೆರೆ ಹಾಕಿದರೆ ಗುಡ್ಡೆ ತೇಲಿದಂತಾಗಿ ದಿಟ್ಟಿಯೇ ಸಡಿಲವಾಗುತ್ತದೆ. ಕಾಡಿಗೆ ಹಾಕಿದರೆ ಹಾಗಾಗುವುದಿಲ್ಲ. ಮೇಲಿನ ಕಂದು ಎಷ್ಟೇ ಮೆದುವಾಗಿರಲಿ, ಕೆಳಗೆ ಒಂದು ಕಪ್ಪು ಗೆರೆ ಇದ್ದರೆ ಕಣ್ಣು ಒಂದು ಕಡೆ ನಿಲ್ಲುತ್ತದೆ. ಎಪ್ಪತ್ತರ ದಶಕದ ಕಲ್ಪನಾ ಸಿನಿಮಾಗಳಲ್ಲಿ ಕಿವಿಯ ಕಡೆಗೆ ಎಳೆದ ಆ ದಪ್ಪ ಗೆರೆ ನೆನೆಸಿಕೊಳ್ಳಿ. ಅಷ್ಟು ಬೇಕೆಂದೇನೂ ಇಲ್ಲ, ಆದರೆ ಭಾವವೆಲ್ಲ ಅದರ ಆಸರೆಯಲ್ಲೇ ನಿಂತಿತ್ತು. ನಮ್ಮ ಮನೆಗಳಲ್ಲಿ ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಮಸಿ ಹಿಡಿದು ತುಪ್ಪದಲ್ಲಿ ಕಲಸುತ್ತಿದ್ದ ಕಾಡಿಗೆಗೂ, ಕೆಸರೆಯ ಎಷ್ಟೋ ಮನೆಗಳ ಸುರ್ಮಾಕ್ಕೂ ಇದ್ದ ಜಾಗ ಅದು. ಹಳೆಯ ಬಗೆಯ ಸುರ್ಮಾಕಲ್ಲಿನಲ್ಲಿ ಸೀಸ ಇರುತ್ತದೆ, ಅದನ್ನು, ಮಕ್ಕಳ ಕಣ್ಣಿಗಂತೂ, ಬಿಡುವುದೇ ಸರಿ. ಬಣ್ಣಕ್ಕಾಗಿ ಸೀಸದ ಸಂಯುಕ್ತ ಬಳಸಿದ ಪ್ರಸಾಧನಗಳ ತಯಾರಿಕೆಯನ್ನು ಕಾನೂನೂ ನಿಷೇಧಿಸಿದೆ. ಗೆರೆ ಇರಲಿ, ಒಳ್ಳೆಯ ಕಾಜಲ್ ಪೆನ್ಸಿಲ್ಲಿನದು ಇರಲಿ.

ಹಿಜಾಬು, ನಕಾಬು ತೊಡುವ ಹುಡುಗಿಯರ ಕಣ್ಣಿಗೆ ಕೆಲಸ ಮಾಡುವವರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದ್ದಾರೆ ಅನ್ನಿಸುತ್ತದೆ. ನಕಾಬಿದ್ದರೆ ಸುತ್ತ ಕಪ್ಪು ಬಟ್ಟೆ, ನಡುವೆ ಕಾಣುವುದು ಕಣ್ಣಿನ ಪಟ್ಟಿ ಮಾತ್ರ. ತುಟಿಯ ಕೆಂಪು, ಕೆನ್ನೆಯ ರಂಗು ಯಾವುದೂ ನೆರವಿಗೆ ಬರುವುದಿಲ್ಲ. ತಿಳಿ ಬೀಜ್ ಅಲ್ಲಿ ಒಂದು ಗಳಿಗೆಯೂ ನಿಲ್ಲದು, ಕಪ್ಪು ಬಟ್ಟೆ ಅದನ್ನು ಸೀಮೆಸುಣ್ಣ ಮಾಡಿಬಿಡುತ್ತದೆ. ಹಾಗಾಗಿ ಅವರ ಕೈ ತಾನಾಗಿಯೇ ಗಾಢ ಕಂದಿಗೆ, ಹುಬ್ಬಿನ ಅಚ್ಚುಕಟ್ಟಿಗೆ, ರೆಪ್ಪೆಕೂದಲ ಬುಡಕ್ಕೆ ಹೋಗುತ್ತದೆ. ಈದ್ ಹಿಂದಿನ ರಾತ್ರಿ ಮೆಹೆಂದಿಗೆ ಸಾಲು ಹಚ್ಚಿದ ಹುಡುಗಿಯರ ಕಣ್ಣುಗಳನ್ನು ನೋಡಿದರೆ, ಮದುವೆ ವೇದಿಕೆಗಳಲ್ಲಿ ಸಿಗದ ಹಿಡಿತ ಅಲ್ಲಿ ಸಿಗುತ್ತದೆ.

ಹಾಗಾದರೆ ಬೂದಿ ರೆಪ್ಪೆಗಳು ಎಲ್ಲಿಂದ ಬರುತ್ತಿವೆ? ಬಹುಮಟ್ಟಿಗೆ ಕೋರ್ಸುಗಳಿಂದ. ಮೂರು ದಿನದ, ವಾರದ ‘ಬ್ರೈಡಲ್ ಮಾಸ್ಟರ್‌ಕ್ಲಾಸ್’ಗಳಲ್ಲಿ ಮಾಡೆಲ್ ಆಗಿ ಕೂರಿಸುವುದು ಆ ಬ್ಯಾಚಿನಲ್ಲಿ ಎಲ್ಲರಿಗಿಂತ ಬೆಳ್ಳಗಿರುವ ಹುಡುಗಿಯನ್ನೇ, ಫೋಟೋ ಚೆನ್ನಾಗಿ ಬರಲಿ ಎಂದು. ಕಲಿಯುವವರು ಶೇಡ್ ನಂಬರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ: ಮಡಿಕೆಗೆ ಇಂಥದ್ದು, ಮೂಲೆಗೆ ಇಂಥದ್ದು. ಮನೆಗೆ ಬಂದು ಅದೇ ನಂಬರನ್ನು ಅಕ್ಕನ ಮಗಳ ಮುಖಕ್ಕೆ ಹಾಕಿದಾಗ ಹೊಂದುವುದಿಲ್ಲ. ಹೊಂದದ್ದಕ್ಕೆ ತಪ್ಪು ಹೊರುವುದು ಮುಖ. ‘ನಿಂದು ಸ್ವಲ್ಪ ಡಲ್ ಕಾಂಪ್ಲೆಕ್ಷನ್ ಅಲ್ವಾ, ಅದಕ್ಕೆ’ ಎಂದು ಸಮಜಾಯಿಷಿ ಕೊಟ್ಟು ಫೌಂಡೇಶನ್ನನ್ನು ಇನ್ನೂ ಎರಡು ಛಾಯೆ ತಿಳಿ ಮಾಡುತ್ತಾರೆ, ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. 1975ರಿಂದ ‘ಫೇರ್’ ಎಂದು ಮಾರಿದ ಕ್ರೀಮು 2020ರಲ್ಲಿ ‘ಗ್ಲೋ’ ಎಂದು ಹೆಸರು ಬದಲಿಸಿಕೊಂಡಿತು. ಈ ಕೋರ್ಸುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಐದು ಮುಖ, ಐದು ಮೈಬಣ್ಣ ಕೂರಿಸಿ, ಒಂದೇ ಪೆಟ್ಟಿಗೆಯಿಂದ ಐದು ಬೇರೆ ಬೇರೆ ನ್ಯೂಟ್ರಲ್ ತೆಗೆಯಲು ಹೇಳದ ಕೋರ್ಸಿಗೆ ಫೀಸು ಕಟ್ಟುವುದು ದಂಡ. ಅದಕ್ಕಿಂತ ಕೆಸರೆಯ ಆ ಸವೆದ ಇಟ್ಟಿಗೆ ಕುಳಿಯ ಮುಂದೆ ಎರಡು ಮದುವೆ ಸೀಸನ್ ಸಹಾಯಕಿಯಾಗಿ ನಿಲ್ಲುವುದು ಮೇಲು.