‘ಗಿವ್ ಅಪ್’ ಎಂಬುದಕ್ಕೆ ಕನ್ನಡವೇನು? — ಚಿಕ್ಕೋಡಿ ಸೀಮೆಯ ಮಾತು ಮತ್ತು ಇಂಗ್ಲಿಷಿನ ಪದಗುಚ್ಛ ಕ್ರಿಯಾಪದಗಳು

ಸಾಮಾನ್ಯವಾದ ಒಂದು ಕ್ರಿಯಾಪದದ ಮುಂದೆ ಅಪ್, ಆಫ್, ಔಟ್, ಡೌನ್ ಮೊದಲಾದ ಪುಟ್ಟ ಅವ್ಯಯಗಳಲ್ಲೊಂದು ಬಂದು ನಿಂತು, ಎರಡೂ ಕೂಡಿ ಬೇರೊಂದೇ ಅರ್ಥವನ್ನು ಕೊಡುವುದು ಇಂಗ್ಲಿಷಿನಲ್ಲಿ ಬಹುಕಾಲದಿಂದ ನಡೆದು ಬಂದಿರುವ ರೂಢಿ. ಪರಭಾಷಿಕರಿಗೆ ಇದರಿಂದಾಗುವ ತೊಡಕನ್ನು ಸ್ಯಾಮ್ಯುಯಲ್ ಜಾನ್ಸನ್ ತನ್ನ ನಿಘಂಟಿನ ಮುನ್ನುಡಿಯಲ್ಲಿ 1755ರಷ್ಟು ಹಿಂದೆಯೇ ಗುರುತಿಸಿದ್ದನು. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದುದು ಲೋಗನ್ ಪಿಯರ್ಸಲ್ ಸ್ಮಿತ್ತನು 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಗ್ರಂಥದಿಂದ. ಹೆಸರನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ. ಇಲ್ಲಿ ಇವನ್ನು ಪದಗುಚ್ಛ ಕ್ರಿಯಾಪದಗಳೆಂದು ಕರೆದಿದೆ.

ಪ್ರಕೃತ ಲೇಖಕನು ಭಾಷಾಶಾಸ್ತ್ರಜ್ಞನಲ್ಲ, ಇತಿಹಾಸದ ಅಧ್ಯಾಪಕ. ಆದರೆ ಇತಿಹಾಸದ ಇಂಗ್ಲಿಷು ಈ ಕ್ರಿಯಾಪದಗಳಿಲ್ಲದೆ ಒಂದು ಪುಟವೂ ಮುಂದೆ ಸಾಗದು. ದಂಗೆಗಳು ‘ಬ್ರೇಕ್ ಔಟ್’ ಆಗುತ್ತವೆ; ಸರಕಾರಗಳು ಅವನ್ನು ‘ಪುಟ್ ಡೌನ್’ ಮಾಡುತ್ತವೆ; ಕೋಟೆಗಳು ಕೆಲವು ದಿನ ‘ಹೋಲ್ಡ್ ಔಟ್’ ಮಾಡಿ ಕಡೆಗೆ ‘ಗಿವ್ ಇನ್’ ಆಗುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ಇವನ್ನು ಕಲಿಯುವುದು ಮೂಲಗ್ರಂಥಗಳಿಂದಲ್ಲ, ಅಗ್ಗದ ಕೈಪಿಡಿಗಳ ಪಟ್ಟಿಗಳಿಂದ. ಎಡಗಡೆ ಇಂಗ್ಲಿಷು, ಬಲಗಡೆ ಒಂದೊಂದೇ ಕನ್ನಡ ಪದ: ‘ಗಿವ್ ಅಪ್’—ತ್ಯಜಿಸು, ‘ಪುಟ್ ಅಪ್ ವಿತ್’—ಸಹಿಸು, ‘ಟರ್ನ್ ಡೌನ್’—ನಿರಾಕರಿಸು. ಅರ್ಥ ತಪ್ಪೆಂದು ಹೇಳಲಾಗದು. ಆದರೂ ಈ ಪಟ್ಟಿಗಳು ವಿದ್ಯಾರ್ಥಿಗೆ ಮಾಡುವ ಉಪಕಾರಕ್ಕಿಂತ ಅಪಕಾರವೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ನಿಪ್ಪಾಣಿಯ ಸುತ್ತಲಿನ ಮಾತಿನಿಂದಲೇ ಉದಾಹರಣೆ ತೆಗೆದುಕೊಳ್ಳೋಣ. ಇದು ತಂಬಾಕಿನ ನಾಡು. ‘ಅಂವ ತಂಬಾಕ ಬಿಟ್ಟಬಿಟ್ಟಾನ’ ಎಂದರೆ ಚಟವನ್ನೋ ಬೆಳೆಯನ್ನೋ ಪೂರ್ತಿ ನಿಲ್ಲಿಸಿದ್ದಾನೆಂದು ಅರ್ಥ. ‘ಹೊಲಾ ತಮ್ಮಗ ಬಿಟ್ಟಕೊಟ್ಟಾನ’ ಎಂದರೆ ತನ್ನ ಹಕ್ಕನ್ನು ಇನ್ನೊಬ್ಬನಿಗೆ ಒಪ್ಪಿಸಿದ್ದಾನೆ. ‘ಊರ ಬಿಟ್ಟಹೋಗ್ಯಾನ’ ಎಂಬಲ್ಲಿ ಮಾತಾಡುವವನು ಊರಿನಲ್ಲೇ ನಿಂತು ಹೋದವನ ಬೆನ್ನು ನೋಡುತ್ತಿದ್ದಾನೆ. ‘ಊರ ಬಿಟ್ಟಬಂದಾನ’ ಎಂಬಲ್ಲಿ ಬಂದವನು ಅವನ ಎದುರಿಗಿದ್ದಾನೆ. ಬಿಡು ಎಂಬ ಒಂದೇ ಧಾತು. ಅದರ ಬೆನ್ನಿಗೆ ಬಿಡು, ಕೊಡು, ಹೋಗು, ಬರು ಎಂಬ ನಾಲ್ಕು ಸಣ್ಣ ಕ್ರಿಯಾಪದಗಳು. ಅರ್ಥವೂ ನಾಲ್ಕು ಬಗೆ. ಇಂಗ್ಲಿಷಿನ ‘ಗಿವ್’ ಎಂಬುದರ ಮುಂದೆ ಅಪ್, ಇನ್, ಔಟ್, ಅವೇ ಎಂಬವು ಬಂದು ಮಾಡುವ ಕೆಲಸಕ್ಕೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುವಂಥದು. ಈ ಐಶ್ವರ್ಯವನ್ನು ಬಾಯಲ್ಲಿಟ್ಟುಕೊಂಡೇ ತರಗತಿಗೆ ಬರುವ ಹುಡುಗನಿಗೆ ನಾವು ‘ತ್ಯಜಿಸು’ ಎಂಬುದೊಂದನ್ನು ಕೊಟ್ಟು ಕಳಿಸುತ್ತಿದ್ದೇವೆ.

ಹಾನಿ ಎರಡು ಬಗೆಯದು. ಮೊದಲನೆಯದು ಮಾತಿನ ಮಟ್ಟಕ್ಕೆ ಸಂಬಂಧಿಸಿದುದು. ಇಂಗ್ಲಿಷಿನಲ್ಲಿ ಲ್ಯಾಟಿನ್ ಮೂಲದ ‘ಪೋಸ್ಟ್‌ಪೋನ್’, ‘ಟಾಲರೇಟ್’ ಎಂಬವು ಬರಹಕ್ಕೂ ಕಚೇರಿಗೂ ಒಗ್ಗಿದವು. ‘ಪುಟ್ ಆಫ್’, ‘ಪುಟ್ ಅಪ್ ವಿತ್’ ಎಂಬವು ಮನೆಮಾತಿನವು. ಕನ್ನಡದಲ್ಲಿಯೂ ಇದೇ ಇಬ್ಬಂದಿ ವ್ಯವಸ್ಥೆಯಿದೆ: ಸಹಿಸು ಎಂಬುದು ಗ್ರಂಥದ ಮಾತು, ತಾಳಿಕೊಳ್ಳು ಎಂಬುದು ಮನೆಯ ಮಾತು; ನಿರಾಕರಿಸು ಗ್ರಂಥದ್ದು, ತಳ್ಳಿಹಾಕು ಬೀದಿಯದು. ಪಟ್ಟಿಗಳು ಆ ಕಡೆಯ ಮನೆಮಾತಿಗೆ ಈ ಕಡೆಯ ಗ್ರಂಥದ ಮಾತನ್ನು ಗಂಟುಹಾಕುತ್ತವೆ. ಆಗ ವಿದ್ಯಾರ್ಥಿಗೆ ಪದಗುಚ್ಛ ಕ್ರಿಯಾಪದವೆಂದರೆ ಪರೀಕ್ಷೆಗೆ ಬಾಯಿಪಾಠ ಮಾಡಬೇಕಾದ ಘನವಾದ ವಸ್ತುವೆಂದು ತೋರುವುದೇ ಹೊರತು ಇಂಗ್ಲಿಷರು ಅಡುಗೆಮನೆಯಲ್ಲಿ ಆಡುವ ಮಾತೆಂದು ತೋರುವುದಿಲ್ಲ.

ಎರಡನೆಯ ಹಾನಿ ಇತಿಹಾಸಕ್ಕೇ ತಗಲುವಂಥದು. ಈ ಲೇಖನಕ್ಕೆ ನಿಜವಾದ ಕಾರಣವೂ ಅದೇ. 1857ರಲ್ಲಿ ಆಂಗ್ಲ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದಾಗ ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ‘ಗಿವ್ ಅಪ್’ ಮಾಡಲು ಒಪ್ಪಲಿಲ್ಲ. ಸೈನ್ಯ ಬಂದಿತು, ಊರಿಗೆ ಬೆಂಕಿ ಬಿದ್ದಿತು, ಹಲವರು ಗಲ್ಲಿಗೇರಿದರು. ಪಟ್ಟಿಯನ್ನು ಓದಿದ ವಿದ್ಯಾರ್ಥಿ ಇದನ್ನು ಕನ್ನಡದಲ್ಲಿ ಬರೆಯುವಾಗ ‘ಬೇಡರು ಆಯುಧಗಳನ್ನು ತ್ಯಜಿಸಲು ನಿರಾಕರಿಸಿದರು’ ಎನ್ನುತ್ತಾನೆ. ತ್ಯಜಿಸುವವನು ತನ್ನ ಇಚ್ಛೆಯಿಂದ ತ್ಯಜಿಸುತ್ತಾನೆ. ಸಂನ್ಯಾಸಿ ಸಂಸಾರವನ್ನು ತ್ಯಜಿಸಿದಂತೆ. ಅಲ್ಲಿ ಎದುರಾಳಿಯಿಲ್ಲ, ಕೇಳುವ ಕೈಯಿಲ್ಲ. ಹಲಗಲಿಯಲ್ಲಿ ಕೇಳುವ ಕೈಯಿತ್ತು, ಅದರ ಹಿಂದೆ ಕಾಯಿದೆಯಿತ್ತು, ತೋಪುಬಂದೂಕುಗಳಿದ್ದವು. ‘ಬೇಡರು ಆಯುಧಗಳನ್ನು ಬಿಟ್ಟುಕೊಡಲಿಲ್ಲ’ ಎಂದೊಡನೆ ಕೊಡು ಎಂಬ ಆ ಒಂದು ಪುಟ್ಟ ಕ್ರಿಯಾಪದದಲ್ಲಿ ಆ ಇನ್ನೊಂದು ಪಕ್ಷ ಕಾಣಿಸಿಕೊಳ್ಳುತ್ತದೆ. ಗಡಿನಾಡಿನ ನಮಗಂತೂ ಈ ಮಾತನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಿಂದೀಚೆಗೆ ‘ಬಿಟ್ಟುಕೊಡೆವು’ ಎಂಬ ಪದವನ್ನು ಎರಡೂ ಕಡೆಯ ಭಾಷಣಗಳಲ್ಲಿ, ಎರಡೂ ಭಾಷೆಗಳಲ್ಲಿ, ಕೇಳಿ ದಣಿದಿದ್ದೇವೆ.

ಎರಡೂ ಭಾಷೆಗಳಲ್ಲಿ ಎಂದುದು ಸುಮ್ಮನೆ ಅಲ್ಲ. ಮರಾಠಿಯ ‘ಸೋಡೂನ್ ದೇಣೆ’ ಎಂಬುದೂ ಬಿಡು, ಕೊಡು ಎಂಬ ಇದೇ ಎರಡು ಅರ್ಥಗಳ ಜೋಡಣೆ. ಮುಖ್ಯ ಕ್ರಿಯೆಯ ಬೆನ್ನಿಗೆ ಇನ್ನೊಂದು ಕ್ರಿಯೆಯನ್ನು ನಿಲ್ಲಿಸಿ ಅರ್ಥದ ಬಣ್ಣವನ್ನು ಬದಲಿಸುವುದು ಭಾರತದ ಅನೇಕ ಭಾಷೆಗಳಿಗೆ ಸಮಾನವಾದ ಲಕ್ಷಣವೆಂಬುದನ್ನು ಕಾಲಿನ್ ಮಸಿಕಾ 1976ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ್ದಾರೆ. ನಮ್ಮ ಸೀಮೆಗೆ ಇನ್ನೂ ಹತ್ತಿರದ ಸಾಕ್ಷ್ಯವೊಂದಿದೆ. ಕಾಗವಾಡದಿಂದ ಮೀರಜ ದಾಟಿದರೆ ಸಿಗುವ ಸಾಂಗಲಿಯ ಪ್ರದೇಶದ ಕುಪವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ನಡೆಸಿದ ಅಧ್ಯಯನವು 1971ರಲ್ಲಿ ಪ್ರಕಟವಾಯಿತು. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ಶಬ್ದಗಳು ಬೇರೆಯಾಗಿಯೇ ಉಳಿದರೂ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿದೆಯೆಂದು ಅವರು ತೋರಿಸಿದರು. ‘ಇದು ನಮ್ಮ ಹೊಲ’ ಎಂದು ನಿಲ್ಲಿಸದೆ ‘ಇದು ನಮ್ಮ ಹೊಲಾ ಐತಿ’ ಎನ್ನುವ ನಮ್ಮವರ ರೂಢಿಯೂ ಅದೇ ಬಗೆಯದು. ಮರಾಠಿಯ ‘ಆಹೆ’ ಅದರ ಪಕ್ಕದಲ್ಲೇ ಇದೆ. ಇಂಥ ಮಾತನ್ನು ಅಶುದ್ಧವೆಂದು ತಿದ್ದುವ ಅಧ್ಯಾಪಕರು ಒಂದನ್ನು ಮರೆಯುತ್ತಾರೆ: ಈ ಸೀಮೆಯ ಹುಡುಗ ಒಂದು ಭಾಷೆಯ ಜೋಡಿ ಕ್ರಿಯೆಯನ್ನು ಇನ್ನೊಂದರ ಜೋಡಿ ಕ್ರಿಯೆಯಿಂದ ತೂಗಿ ನೋಡುವುದನ್ನು ಶಾಲೆಗೆ ಬರುವ ಮೊದಲೇ ಕಲಿತಿರುತ್ತಾನೆ. ಇಂಗ್ಲಿಷನ್ನು ಕಲಿಸುವಾಗ ಆ ತಕ್ಕಡಿಯನ್ನು ಅವನ ಕೈಯಿಂದ ಕಿತ್ತುಕೊಳ್ಳುವುದು ಏತಕ್ಕೆ?

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದೆಂಬುದೂ ನಿಜ. ಇಂಗ್ಲಿಷಿನ ಅವ್ಯಯವು ಮೂಲದಲ್ಲಿ ದಿಕ್ಕನ್ನು ಸೂಚಿಸುವಂಥದು. ಮೇಲೆ, ಹೊರಗೆ, ಆಚೆ. ನಮ್ಮ ಎರಡನೆಯ ಕ್ರಿಯಾಪದವು ಹೆಚ್ಚಾಗಿ ಕೆಲಸ ಮುಗಿಯಿತೇ, ಯಾರಿಗಾಗಿ ನಡೆಯಿತು, ಆಡುವವನಿಗೆ ಅದು ಹಿತವೋ ಅಹಿತವೋ ಎಂಬುದನ್ನು ಹೇಳುತ್ತದೆ. ಇಂಗ್ಲಿಷಿನವರು ‘ಪುಟ್ ಇಟ್ ಆಫ್’ ಎಂದು ನಡುವೆ ಸರ್ವನಾಮವನ್ನು ಸೇರಿಸುತ್ತಾರೆ. ‘ಲುಕ್ ಆಫ್ಟರ್’ ಎಂಬುದನ್ನು ಹಾಗೆ ಒಡೆಯುವುದಿಲ್ಲ. ಕನ್ನಡದ ಜೋಡಿಯ ನಡುವೆ ಸರ್ವನಾಮ ನುಸುಳಲಾರದು. ಆದರೆ ಅವಧಾರಣೆಯ ಏಕಾರ ನುಸುಳುತ್ತದೆ: ಬಿಟ್ಟೇಬಿಟ್ಟ, ಹೋಗಿಯೇ ಹೋದ. ಎರಡು ಪದಗಳು ಒಂದಾಗಿಯೂ ಪೂರ್ತಿ ಒಂದಾಗಿಲ್ಲವೆಂಬ ಸತ್ಯವನ್ನು ಇಷ್ಟು ಸುಲಭವಾಗಿ ತೋರಿಸುವ ಸಾಧನ ಮತ್ತೊಂದಿರಲಾರದು.

ಇತ್ತ ಜನರು ಯಾವ ಪಟ್ಟಿಗೂ ಕಾಯದೆ ಇಂಗ್ಲಿಷಿನ ಈ ಗುಚ್ಛಗಳನ್ನು ತಾವಾಗಿಯೇ ಬಳಸಿಕೊಂಡಿದ್ದಾರೆ. ಕಬ್ಬಿನ ಕಾರ್ಖಾನೆ ‘ಬ್ರೇಕ್‌ಡೌನ್ ಆಗೇತಿ’. ಮುದುಕಿಯನ್ನು ಮೀರಜಿಗೆ ಒಯ್ದು ‘ಚೆಕಪ್ ಮಾಡಿಸ್ಕೊಂಡ’ ಬರುತ್ತಾರೆ. ವರ್ಗವಾದ ಗುಮಾಸ್ತ ‘ಚಾರ್ಜ್ ಹ್ಯಾಂಡೋವರ್ ಮಾಡತಾನ’. ‘ಪಿಕಪ್’ ಎಂಬುದು ಒಮ್ಮೆ ಸಾಮಾನು ಸಾಗಿಸುವ ಗಾಡಿ, ಒಮ್ಮೆ ಅದರ ಯಂತ್ರದ ವೇಗ: ಪಿಕಪ್ಪಿಗೆ ಪಿಕಪ್ ಇಲ್ಲವೆಂದರೆ ಯಾರೂ ನಗುವುದಿಲ್ಲ. ಗಮನಿಸಬೇಕಾದುದು ಇಷ್ಟು. ಇಲ್ಲಿ ಇಂಗ್ಲಿಷಿನ ಕ್ರಿಯೆ ಕ್ರಿಯೆಯಾಗಿ ಉಳಿಯದೆ ನಾಮಪದವಾಗಿದೆ. ಭೂತಕಾಲದಲ್ಲಿಯೂ ‘ಬ್ರೋಕ್ ಡೌನ್ ಆಯಿತು’ ಎನ್ನುವವರಿಲ್ಲ. ಕಾಲವನ್ನೂ ಕರ್ತೃವನ್ನೂ ಹೊರುವುದು ಮಾಡು, ಆಗು ಎಂಬವೇ. ಅವುಗಳ ಮೇಲೆ ಮತ್ತೆ ಕೊಳ್ಳು, ಬಿಡು ಬಂದು ಕೂಡುತ್ತವೆ. ಸಂಸ್ಕೃತದ ‘ತ್ಯಾಗ’ವನ್ನು ‘ತ್ಯಾಗ ಮಾಡು’ ಎಂದು ಒಳಗೆ ಕರೆದುಕೊಂಡ ಬಾಗಿಲಿನಿಂದಲೇ ಚೆಕಪ್ಪೂ ಒಳಗೆ ಬಂದಿದೆ.

ಈಚಿನ ಎರಡು ಮೂರು ವರ್ಷಗಳಿಂದ ನಾನು ತರಗತಿಯಲ್ಲಿ ಇಂಗ್ಲಿಷಿನ ಇಂಥ ವಾಕ್ಯ ಬಂದಾಗ ಅದನ್ನು ಮನೆಯಲ್ಲಿ ಹೇಗೆ ಹೇಳುವಿರೆಂದು ಮೊದಲು ಕೇಳಿ, ಆಮೇಲೆ ಬರಹದ ರೂಪವನ್ನು ಬರೆಯಿಸುತ್ತೇನೆ. ‘ಪುಟ್ ಡೌನ್’ ಎಂಬುದಕ್ಕೆ ಕೈಪಿಡಿಯ ‘ದಮನಗೊಳಿಸು’ ಎಂಬುದರ ಬದಲು ‘ಬಗ್ಗುಬಡಿ’ ಎಂಬುದು ಹಿಂದಿನ ಸಾಲಿನಿಂದ ಬಂದಿತು. ‘ಹೋಲ್ಡ್ ಔಟ್’ ಎಂಬುದಕ್ಕೆ ‘ಜಗ್ಗದ ನಿಂತ್ರು’ ಎಂದರು. ‘ಟರ್ನ್ ಔಟ್’ ಮಾತ್ರ ನಮ್ಮನ್ನು ಸೋಲಿಸಿತು. ಅಪರಿಚಿತನೆಂದು ತಿಳಿದವನು ಊರಿನವನೇ ಎಂದು ಕಡೆಗೆ ತಿಳಿದುಬಂದ ಸಂದರ್ಭ. ಯಾವ ಜೋಡಿ ಕ್ರಿಯೆಯೂ ಹೊಂದಲಿಲ್ಲ. ಕೊನೆಗೆ ರಾಯಬಾಗದ ಕಡೆಯ ವಿದ್ಯಾರ್ಥಿನಿಯೊಬ್ಬಳು ‘ನೋಡಿದ್ರ ಅಂವ ನಮ್ಮೂರಾಂವನ ಇದ್ದ’ ಎಂದಳು. ಇಂಗ್ಲಿಷಿನ ಆ ಎರಡು ಪದಗಳ ಕೆಲಸವನ್ನೆಲ್ಲ ‘ನೋಡಿದ್ರ’ ಎಂಬ ಒಂದೇ ಪದ ಮಾಡಿ ಮುಗಿಸಿತ್ತು. ಕ್ರಿಯೆಯ ಬೆನ್ನಿಗೆ ಅಲ್ಲ, ವಾಕ್ಯದ ತಲೆಬಾಗಿಲಿನಲ್ಲಿ ನಿಂತು.